ಉಯಿಲಿನಲ್ಲಿ ಬರೆದ ಪಾಲನ್ನು ಎಕ್ಸಿಕ್ಯೂಟರ್ ತಡೆಹಿಡಿದಾಗ: ಪಾಲಿಗಿಂತ ಮೊದಲು ಲೆಕ್ಕ ಕೇಳಿ

ಪ್ರಶ್ನೆ: ನನ್ನ ತಂದೆ ತೀರಿಕೊಂಡು ಎರಡೂವರೆ ವರ್ಷವಾಯಿತು. ತಾಯಿ ಅದಕ್ಕೂ ಮೊದಲೇ ಹೋಗಿದ್ದರು. ತಂದೆ ನೋಂದಾಯಿತ ಉಯಿಲು ಬರೆದಿಟ್ಟಿದ್ದರು. ಅವರು ಸ್ವಂತ ದುಡಿಮೆಯಿಂದ ಕಟ್ಟಿಸಿದ ಎರಡು ಮನೆಗಳಲ್ಲಿ ಬಾಡಿಗೆಗೆ ಕೊಟ್ಟಿರುವ ಮನೆ ನನಗೆ, ವಾಸದ ಮನೆ ಅಣ್ಣನಿಗೆ, ಬ್ಯಾಂಕ್ ಠೇವಣಿಗಳು ಇಬ್ಬರಿಗೂ ಸಮನಾಗಿ ಸೇರಬೇಕೆಂದು ಅದರಲ್ಲಿದೆ. ಉಯಿಲನ್ನು ಜಾರಿಗೊಳಿಸುವ ಎಕ್ಸಿಕ್ಯೂಟರ್ ಆಗಿ ಚಿಕ್ಕಪ್ಪನನ್ನು ನೇಮಿಸಿದ್ದಾರೆ. ಇಂದಿಗೂ ನನ್ನ ಮನೆಯ ಬಾಡಿಗೆಯನ್ನು ಅವರೇ ವಸೂಲು ಮಾಡುತ್ತಿದ್ದಾರೆ. ಕೇಳಿದರೆ ‘ಸಾಲಗಳಿವೆ’, ‘ಪ್ರೊಬೇಟ್ ಆಗದೆ ಕೊಡುವಂತಿಲ್ಲ’, ‘ಕಾನೂನಿನ ಪ್ರಕಾರ ಆಸ್ತಿ ಈಗ ನನ್ನಲ್ಲಿದೆ’ ಎನ್ನುತ್ತಾರೆ. ಠೇವಣಿಗಳಿಗೆ ಅಣ್ಣ ನಾಮಿನಿಯಾಗಿದ್ದರಿಂದ ಹಣ ಅವನ ಕೈ ಸೇರಿದೆ. ಮೂಲ ಉಯಿಲನ್ನು ನನಗೆ ತೋರಿಸಿಲ್ಲ. ಒಂದು ಪುಟದ ಫೋಟೊ ಮಾತ್ರ ನನ್ನ ಮೊಬೈಲ್‌ನಲ್ಲಿದೆ. ಕಳೆದ ತಿಂಗಳು ‘ಎಲ್ಲ ಲೆಕ್ಕವೂ ಸರಿಯಾಗಿದೆ, ನನ್ನದೇನೂ ತಕರಾರಿಲ್ಲ’ ಎಂಬ ಛಾಪಾ ಕಾಗದಕ್ಕೆ ಸಹಿ ಹಾಕಿದರೆ ಮನೆ ಬಿಟ್ಟುಕೊಡುತ್ತೇವೆ ಎಂದರು. ಮೂರು ವರ್ಷ ಕಳೆದರೆ ಹಕ್ಕೇ ಹೋಗುತ್ತದೆ ಎಂದು ಪರಿಚಿತರೊಬ್ಬರು ಹೆದರಿಸಿದ್ದಾರೆ. ಪೊಲೀಸರಿಗೆ ದೂರು ಕೊಡಬೇಕೇ? ನ್ಯಾಯಾಲಯಕ್ಕೆ ಹೋಗಬೇಕೇ? ಅಥವಾ ಸಹಿ ಹಾಕಿ ಮುಗಿಸಿಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಹೆಣೆದುಕೊಂಡಿವೆ. ತಂದೆ ನಿಮಗೆಂದು ಬರೆದದ್ದು ಕೈಗೆ ಬಾರದೆ ಹೋದೀತೆಂಬುದು ಒಂದು. ಅದನ್ನು ಕೇಳಲು ಹೊರಟರೆ ಉಳಿದಿರುವ ಬಂಧುತ್ವವೂ ಮುರಿದೀತೆಂಬುದು ಇನ್ನೊಂದು. ಎರಡನೆಯದಕ್ಕೆ ಕಾನೂನಿನಲ್ಲಿ ಪೂರ್ತಿ ಉತ್ತರವಿಲ್ಲ. ಮೊದಲನೆಯದಕ್ಕೆ ಇದೆ. ನಿಮ್ಮ ಪರಿಸ್ಥಿತಿ ನೀವು ಭಾವಿಸಿದಷ್ಟು ಕೈಮೀರಿಲ್ಲ. ತುರ್ತಾಗಿ ಹೇಳಬೇಕಾದ ಮಾತು ಒಂದೇ: ಆ ಛಾಪಾ ಕಾಗದಕ್ಕೆ ಸಹಿ ಹಾಕಬೇಡಿ. ಲೆಕ್ಕವನ್ನೇ ನೋಡದೆ ‘ಲೆಕ್ಕ ಸರಿಯಾಗಿದೆ’ ಎಂದು ಬರೆದುಕೊಟ್ಟರೆ, ಮುಂದೆ ನೀವು ಏನನ್ನೇ ಪ್ರಶ್ನಿಸಿದರೂ ಮೊದಲು ಎದುರಾಗುವುದು ಅದೇ ಕಾಗದ. ಅದರ ಮೇಲಿನ ಶೀರ್ಷಿಕೆ ‘ಒಪ್ಪಿಗೆ ಪತ್ರ’ ಎಂದಿದ್ದರೂ ಒಳಗಿನ ವಾಕ್ಯಗಳು ಹಕ್ಕು ಬಿಡುಗಡೆಯ ಕೆಲಸ ಮಾಡಬಹುದು.

ಈಗ ಚಿಕ್ಕಪ್ಪನ ಮಾತುಗಳನ್ನು ಒಂದೊಂದಾಗಿ ನೋಡೋಣ. ಅವುಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಅರ್ಧ ನಿಜವಾಗಿರುವುದರಿಂದಲೇ ಅವು ನಿಮ್ಮನ್ನು ಇಷ್ಟು ಕಾಲ ಸುಮ್ಮನಿರಿಸಿವೆ.

‘ಆಸ್ತಿ ಕಾನೂನಿನ ಪ್ರಕಾರ ನನ್ನಲ್ಲಿದೆ’ ಎಂಬ ಮಾತಿಗೆ ಆಧಾರವಿದೆ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 211ನೆಯ ಕಲಮಿನಂತೆ, ತೀರಿಕೊಂಡವರ ಕಾನೂನುಬದ್ಧ ಪ್ರತಿನಿಧಿ ಎಕ್ಸಿಕ್ಯೂಟರ್. ಆಸ್ತಿಯೆಲ್ಲ ಅವರಲ್ಲಿ ನಿಹಿತವಾಗುತ್ತದೆ. ಆದರೆ ಆ ಕಲಮು ‘ಪ್ರತಿನಿಧಿಯಾಗಿ’ ಎಂಬ ನೆಲೆಯಲ್ಲಿಯೇ ಆಸ್ತಿಯನ್ನು ಅವರಿಗೆ ಒಪ್ಪಿಸುತ್ತದೆ, ಮಾಲೀಕರನ್ನಾಗಿ ಅಲ್ಲ. ಸಾಲ ತೀರಿಸಿ, ಬರಬೇಕಾದದ್ದನ್ನು ವಸೂಲು ಮಾಡಿ, ಉಯಿಲಿನಲ್ಲಿ ಹೆಸರಿಸಿದವರಿಗೆ ಹಂಚುವ ಕೆಲಸಕ್ಕಾಗಿ ಆಸ್ತಿ ಅವರ ಕೈಯಲ್ಲಿರುತ್ತದೆ. ಅವರು ಆ ಆಸ್ತಿಯ ಯಾವುದಾದರೂ ಭಾಗವನ್ನು ತಾವೇ ಕೊಂಡುಕೊಂಡರೆ, ನೇರವಾಗಿಯಾಗಲಿ ಬೇರೆಯವರ ಹೆಸರಿನಲ್ಲಾಗಲಿ, ಅದರಲ್ಲಿ ಹಿತಾಸಕ್ತಿಯಿರುವ ಯಾರೇ ಆದರೂ ಆ ಮಾರಾಟವನ್ನು ರದ್ದುಪಡಿಸಿಕೊಳ್ಳಬಹುದು ಎಂದು ಇದೇ ಕಾಯಿದೆ ಹೇಳುತ್ತದೆ. ಮಾಲೀಕನ ಮೇಲೆ ಇಂಥ ನಿರ್ಬಂಧ ಇರುವುದಿಲ್ಲ.

ಇಲ್ಲಿ ನೀವು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಉಯಿಲಿನಲ್ಲಿ ನಿಮ್ಮ ಹೆಸರಿದ್ದ ಮಾತ್ರಕ್ಕೆ ನಿಮ್ಮ ಹಕ್ಕು ಪೂರ್ಣವಾಗುವುದಿಲ್ಲ. 332ನೆಯ ಕಲಮಿನಂತೆ ಅದಕ್ಕೆ ಎಕ್ಸಿಕ್ಯೂಟರ್‌ನ ಸಮ್ಮತಿ ಬೇಕು. ಈ ಸಮ್ಮತಿಗೆ ನೋಂದಣಿಯೇ ಆಗಬೇಕೆಂದಿಲ್ಲ, ಬಾಯಿಮಾತಿನಲ್ಲೂ ಇರಬಹುದು, ನಡವಳಿಕೆಯಿಂದಲೂ ಊಹಿಸಬಹುದು. ಒಮ್ಮೆ ಸಮ್ಮತಿ ದೊರೆತರೆ ಅದು ತಂದೆ ತೀರಿಕೊಂಡ ದಿನದಿಂದಲೇ ಜಾರಿಗೆ ಬಂದಂತೆ. ಆದ್ದರಿಂದ ಹಳೆಯ ಸಂದೇಶಗಳನ್ನೆಲ್ಲ ಹುಡುಕಿ ನೋಡಿ. ‘ಆ ಮನೆ ನಿನ್ನದೇ, ಮುಂದಿನ ತಿಂಗಳಿಂದ ಬಾಡಿಗೆ ನೀನೇ ತಗೋ’ ಎಂದು ಚಿಕ್ಕಪ್ಪ ಎಂದಾದರೂ ಬರೆದಿದ್ದರೆ, ಮನೆಯ ತೆರಿಗೆಯನ್ನು ನಿಮ್ಮಿಂದಲೇ ಕಟ್ಟಿಸಿದ್ದರೆ, ಬಾಡಿಗೆದಾರರಿಗೆ ನಿಮ್ಮನ್ನು ಮಾಲಕಿ ಎಂದು ಪರಿಚಯಿಸಿದ್ದರೆ, ಅದೆಲ್ಲವೂ ಸಮ್ಮತಿಗೆ ಸಾಕ್ಷ್ಯ. ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಿದ್ದ ಇಂಥ ಒಂದು ಸಾಲು ಇಡೀ ದಾವೆಯ ದಿಕ್ಕನ್ನು ಬದಲಿಸಿದ್ದನ್ನು ನಾನು ವೃತ್ತಿಯಲ್ಲಿ ಕಂಡಿದ್ದೇನೆ. ಯಾವುದನ್ನೂ ಅಳಿಸಬೇಡಿ. ಫೋನ್ ಬದಲಿಸುವುದಾದರೆ ಹಳೆಯದನ್ನು ಹಾಗೆಯೇ ಎತ್ತಿಡಿ.

‘ಸಾಲಗಳಿವೆ’ ಎಂಬುದು ನಿಜವೇ ಆಗಿದ್ದರೆ ಅದು ಗಂಭೀರವಾದ ಕಾರಣ. ಅಂತ್ಯಸಂಸ್ಕಾರದ ಮತ್ತು ಕೊನೆಗಾಲದ ಚಿಕಿತ್ಸೆಯ ಖರ್ಚು ಮೊದಲು, ಪ್ರೊಬೇಟ್ (ಉಯಿಲಿಗೆ ನ್ಯಾಯಾಲಯ ಕೊಡುವ ದೃಢೀಕರಣ) ಪಡೆಯುವ ವೆಚ್ಚ ಆಮೇಲೆ, ಮರಣಕ್ಕೆ ಹಿಂದಿನ ಮೂರು ತಿಂಗಳಲ್ಲಿ ಸೇವೆ ಮಾಡಿದ ಕೆಲಸಗಾರರ ಸಂಬಳ ಅದರ ನಂತರ, ಬಳಿಕ ಉಳಿದ ಸಾಲಗಳು, ಇವೆಲ್ಲ ತೀರಿದ ಮೇಲೆ ಉಯಿಲಿನ ಪಾಲುಗಳು ಎಂದು ಕಾಯಿದೆಯೇ ಕ್ರಮ ಹಾಕಿಕೊಟ್ಟಿದೆ. ಸಾಲ ಕೊಟ್ಟವರನ್ನು ಬಿಟ್ಟು ಆಸ್ತಿ ಹಂಚಿಬಿಟ್ಟ ಎಕ್ಸಿಕ್ಯೂಟರ್ ನಾಳೆ ತನ್ನ ಕೈಯಿಂದ ಹಣ ಕಟ್ಟಬೇಕಾದೀತು. ಪ್ರಾಮಾಣಿಕರಾದ ಹಿರಿಯರೂ ಈ ಭಯದಿಂದಲೇ ಎಷ್ಟೋ ಸಲ ಎಲ್ಲವನ್ನೂ ಹಿಡಿದಿಟ್ಟುಕೊಳ್ಳುತ್ತಾರೆ. ಆದರೆ ಸಾಲವೆಂದರೆ ಅದಕ್ಕೊಂದು ಮೊತ್ತ, ಕೊಟ್ಟವರ ಹೆಸರು, ಒಂದು ಕಾಗದ ಇರಲೇಬೇಕು. ಎರಡೂವರೆ ವರ್ಷವಾದರೂ ಇವು ಮೂರೂ ಹೊರಬಾರದ ಸಾಲವನ್ನು ನ್ಯಾಯಾಲಯ ಸುಲಭವಾಗಿ ನಂಬುವುದಿಲ್ಲ. ನಿಜವಾಗಿಯೂ ಭಯವಿದ್ದರೆ ಅದಕ್ಕೂ ದಾರಿಯಿದೆ: ಸಾಲ ಕೊಟ್ಟವರಿಗೆ ಮತ್ತು ಇತರ ಹಕ್ಕುದಾರರಿಗೆ ನಿಯಮಾನುಸಾರ ಪ್ರಕಟಣೆ ಕೊಟ್ಟು, ಅವಧಿ ಮುಗಿದ ಮೇಲೆ, ತನಗೆ ತಿಳಿದುಬಂದ ಬೇಡಿಕೆಗಳನ್ನೆಲ್ಲ ಗಮನದಲ್ಲಿಟ್ಟು ಹಂಚಿದ ಎಕ್ಸಿಕ್ಯೂಟರ್‌ಗೆ, ತಡವಾಗಿ ಬಂದ ಬೇಡಿಕೆಗಳ ವಿಷಯದಲ್ಲಿ 360ನೆಯ ಕಲಮು ರಕ್ಷಣೆ ಕೊಡುತ್ತದೆ. ನಿಮ್ಮ ಪತ್ರದಲ್ಲಿ ಈ ದಾರಿಯನ್ನು ನೀವೇ ಸೂಚಿಸಿ. ಅವರು ನಿಜವಾಗಿ ಹೆದರಿದ್ದರೆ ಅದನ್ನು ಹಿಡಿಯುತ್ತಾರೆ. ಸಾಲವೆಂಬುದು ಬರಿಯ ನೆಪವಾಗಿದ್ದರೆ ಹಿಡಿಯುವುದಿಲ್ಲ, ಆಗ ನಿಮಗೂ ಅವರ ಮನಸ್ಸು ಗೊತ್ತಾಗುತ್ತದೆ.

ಕೆಲವರು ‘ಆಸ್ತಿ ತೆರಿಗೆ ಇಲಾಖೆಯಿಂದ ಪರವಾನಗಿ ಬರಬೇಕು’ ಎಂದೂ ಹೇಳುವುದುಂಟು. ನಮ್ಮ ದೇಶದಲ್ಲಿ ಮರಣಾನಂತರದ ಎಸ್ಟೇಟ್ (ತೀರಿಕೊಂಡವರು ಬಿಟ್ಟುಹೋದ ಒಟ್ಟು ಆಸ್ತಿ) ಸುಂಕ 1985ರಲ್ಲೇ ರದ್ದಾಗಿದೆ. ಹಂಚಿಕೆಯಾಗುವವರೆಗಿನ ಬಾಡಿಗೆ, ಬಡ್ಡಿಗಳ ಮೇಲೆ ಆದಾಯ ತೆರಿಗೆ ಕಟ್ಟಬೇಕೆಂಬುದು ನಿಜ, ಆದರೆ ಅದು ಪಾಲನ್ನೇ ಕೊಡದಿರಲು ಕಾರಣವಾಗುವುದಿಲ್ಲ.

‘ಪ್ರೊಬೇಟ್ ಆಗದೆ ಕೊಡುವಂತಿಲ್ಲ’ ಎಂಬ ಮಾತು ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ಪ್ರೊಬೇಟ್ ಎಂದರೆ ಇದು ಸರಿಯಾದ ಉಯಿಲು, ಇವರು ಅದರ ಎಕ್ಸಿಕ್ಯೂಟರ್ ಎಂದು ನ್ಯಾಯಾಲಯ ಮೊಹರು ಹಾಕಿ ಕೊಡುವ ದೃಢೀಕರಣ. ನಿಮ್ಮ ಆಸ್ತಿಗಳೆಲ್ಲ ಕರ್ನಾಟಕದಲ್ಲೇ ಇದ್ದು, ಉಯಿಲು ಬರೆದದ್ದೂ ಇಲ್ಲೇ ಆಗಿದ್ದರೆ, ಹಿಂದೂ ವ್ಯಕ್ತಿಯ ಅಂಥ ಉಯಿಲಿಗೆ ಪ್ರೊಬೇಟ್ ಕಡ್ಡಾಯವಲ್ಲ. ಬೇಕೆಂದರೆ ಪಡೆಯಬಹುದು, ಪಡೆದರೆ ಮುಂದಿನ ವಿವಾದಗಳಿಗೆ ಒಳ್ಳೆಯ ಕಟ್ಟು ಬೀಳುತ್ತದೆ. ಪ್ರೊಬೇಟ್ ಬೇಕೇಬೇಕು ಎಂದು ಚಿಕ್ಕಪ್ಪ ನಿಜವಾಗಿಯೂ ನಂಬಿದ್ದರೆ, ಅರ್ಜಿ ಹಾಕಬೇಕಾದವರೂ ಅವರೇ. ಎರಡೂವರೆ ವರ್ಷ ಅರ್ಜಿ ಹಾಕದೆ, ಅರ್ಜಿ ಆಗಿಲ್ಲವೆಂಬುದನ್ನೇ ಕಾರಣವಾಗಿ ಕೊಡುವುದು ಒಪ್ಪುವ ಮಾತಲ್ಲ.

ಪ್ರೊಬೇಟ್‌ನ ಇನ್ನೊಂದು ಮುಖವನ್ನು ಇಲ್ಲಿ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ನಿಮ್ಮ ತೊಂದರೆಯ ಬೇರು ಅಲ್ಲಿದೆ. ಪ್ರೊಬೇಟ್ ಪಡೆದ ಎಕ್ಸಿಕ್ಯೂಟರ್ 317ನೆಯ ಕಲಮಿನಂತೆ ಆರು ತಿಂಗಳೊಳಗೆ ಆಸ್ತಿ, ಸಾಲ, ಬರಬೇಕಾದ ಬಾಕಿಗಳ ಪೂರ್ಣ ಪಟ್ಟಿಯನ್ನೂ ಒಂದು ವರ್ಷದೊಳಗೆ ಜಮಾ-ಖರ್ಚಿನ ಲೆಕ್ಕವನ್ನೂ ನ್ಯಾಯಾಲಯಕ್ಕೆ ಒಪ್ಪಿಸಬೇಕು. ಕಾರಣವಿಲ್ಲದೆ, ಬೇಕೆಂದೇ ತಪ್ಪಿಸಿದರೆ, ಅಥವಾ ಮುಖ್ಯ ವಿಷಯದಲ್ಲಿ ಸುಳ್ಳು ಪಟ್ಟಿ ಕೊಟ್ಟರೆ, 263ನೆಯ ಕಲಮಿನಡಿ ಪ್ರೊಬೇಟ್ ಅನ್ನೇ ರದ್ದುಮಾಡಲು ಅದು ಸಾಕಾದ ಕಾರಣ. ಪ್ರೊಬೇಟ್ ಕಡ್ಡಾಯವಲ್ಲದ ನಮ್ಮಂಥ ಕಡೆ ಹೆಚ್ಚಿನ ಉಯಿಲುಗಳು ನ್ಯಾಯಾಲಯದ ಮೆಟ್ಟಿಲನ್ನೇ ಹತ್ತುವುದಿಲ್ಲ. ಖರ್ಚು, ಅಲೆದಾಟ ಉಳಿಯುತ್ತದೆ, ಸರಿ. ಅದರ ಜೊತೆಗೆ ಎಕ್ಸಿಕ್ಯೂಟರ್‌ನ ತಲೆಯ ಮೇಲಿರಬೇಕಾದ ಗಡುವುಗಳೂ ಇಲ್ಲವಾಗುತ್ತವೆ. ಲೆಕ್ಕ ಕೊಡುವ ಹೊಣೆ ಹಾಗೆಯೇ ಇರುತ್ತದೆ, ಆದರೆ ಕೊಡು ಎಂದು ದಿನಾಂಕ ಹಾಕಿ ಕೇಳುವವರು ಯಾರೂ ಇರುವುದಿಲ್ಲ. ಆ ಕೆಲಸವನ್ನು ಫಲಾನುಭವಿಯಾದ ನೀವೇ ಮಾಡಬೇಕಾಗುತ್ತದೆ. ಇಷ್ಟು ಕಾಲ ನೀವು ‘ನನ್ನ ಪಾಲು ಯಾವಾಗ ಕೊಡುತ್ತೀರಿ’ ಎಂದು ಕೇಳಿದ್ದೀರಿ. ಅದಕ್ಕೆ ‘ನೋಡೋಣ’ ಎಂಬ ಉತ್ತರ ಸದಾ ಸಿದ್ಧವಾಗಿರುತ್ತದೆ. ‘ಲೆಕ್ಕ ಕೊಡಿ’ ಎಂದು ಬರವಣಿಗೆಯಲ್ಲಿ ಕೇಳಿದರೆ ಹಾಗೆ ತೇಲಿಸಲಾಗುವುದಿಲ್ಲ. ಕೊಟ್ಟರೆ ನಿಜಸ್ಥಿತಿ ತಿಳಿಯುತ್ತದೆ, ಕೊಡದಿದ್ದರೆ ಆ ನಿರಾಕರಣೆಯೇ ನಿಮ್ಮ ದಾವೆಗೆ ಆಧಾರವಾಗುತ್ತದೆ.

ಕಾಲಮಿತಿಯ ಬಗ್ಗೆ ನಿಮ್ಮ ಪರಿಚಿತರು ಹೇಳಿದ್ದು ತಪ್ಪು ತಿಳಿವಳಿಕೆ. ಉಯಿಲಿನ ಪಾಲಿಗಾಗಿ ಎಕ್ಸಿಕ್ಯೂಟರ್ ವಿರುದ್ಧ ಹೂಡುವ ದಾವೆಗೆ 1963ರ ಕಾಲಮಿತಿ ಕಾಯಿದೆಯ 106ನೆಯ ವಿಧಿಯಲ್ಲಿ 12 ವರ್ಷಗಳ ಅವಧಿಯಿದೆ. ಎಣಿಕೆ ಶುರುವಾಗುವುದು ಪಾಲು ಕೊಡಬೇಕಾದ ಕಾಲ ಬಂದಾಗ. ಮರಣದ ದಿನದಿಂದ ಒಂದು ವರ್ಷ ಮುಗಿಯುವವರೆಗೆ ಪಾಲು ಕೊಡಲೇಬೇಕೆಂಬ ಒತ್ತಾಯ ಎಕ್ಸಿಕ್ಯೂಟರ್ ಮೇಲಿಲ್ಲ ಎಂದು ಉತ್ತರಾಧಿಕಾರ ಕಾಯಿದೆಯ 337ನೆಯ ಕಲಮು ಹೇಳುತ್ತದೆ. ನೀವು ಆ ವರ್ಷವನ್ನು ದಾಟಿ ಬಹಳ ಮುಂದೆ ಬಂದಿದ್ದೀರಿ, ಆದರೂ 12 ವರ್ಷದ ಅಂಚಿನಿಂದ ದೂರವೇ ಇದ್ದೀರಿ. ಮೂರು ವರ್ಷದ ಮಾತು ಬಂದಿರುವುದು ಪ್ರೊಬೇಟ್ ಅರ್ಜಿಯಿಂದ. ಅಂಥ ಅರ್ಜಿಗಳಿಗೆ ಕಾಲಮಿತಿ ಕಾಯಿದೆಯ 137ನೆಯ ವಿಧಿ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಮೂರು ವರ್ಷದ ಎಣಿಕೆ ಮರಣದ ದಿನದಿಂದಲೇ ಆರಂಭವಾಗಬೇಕೆಂದಿಲ್ಲ, ಆದರೆ ವಿಳಂಬವಾದಷ್ಟೂ ಉಯಿಲಿನ ಬಗ್ಗೆ ಅನುಮಾನಕ್ಕೆ ಎಡೆಯಾಗುತ್ತದೆ ಎಂಬುದೂ ಅದೇ ತೀರ್ಪಿನ ಧ್ವನಿ. ಹೀಗಾಗಿ ಹಕ್ಕು ಹೋಗಿಬಿಡುತ್ತದೆಂಬ ಭಯ ಬೇಡ, ಆದರೆ ಕಾಯುತ್ತ ಕೂರುವುದೂ ಬೇಡ. ಸಾಕ್ಷಿಗಳಿಗೆ ವಯಸ್ಸಾಗುತ್ತದೆ. ಉಯಿಲನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸಲು ಅದಕ್ಕೆ ಸಾಕ್ಷಿ ಹಾಕಿದವರಲ್ಲಿ ಒಬ್ಬರಾದರೂ ಬದುಕಿದ್ದು ಲಭ್ಯವಿದ್ದರೆ ಅವರನ್ನು ವಿಚಾರಣೆಗೆ ಕರೆಯಲೇಬೇಕು. ಆ ಸಾಕ್ಷಿಗಳು ಯಾರು, ಎಲ್ಲಿದ್ದಾರೆ ಎಂಬುದನ್ನು ಈ ವಾರವೇ ತಿಳಿದುಕೊಳ್ಳಿ.

ಅದಕ್ಕೆ ಮೊದಲು ಉಯಿಲೇ ನಿಮ್ಮ ಕೈಯಲ್ಲಿರಬೇಕು. ಒಂದು ಪುಟದ ಫೋಟೊ ಸಾಲದು. ಉಯಿಲು ನೋಂದಣಿಯಾಗಿದೆ ಎಂದಿದ್ದೀರಿ, ಅದು ನಿಮಗೆ ದೊಡ್ಡ ಅನುಕೂಲ. ನೋಂದಣಿ ಕಚೇರಿಯಲ್ಲಿ ಉಯಿಲುಗಳು 3ನೆಯ ಪುಸ್ತಕದಲ್ಲಿ ದಾಖಲಾಗುತ್ತವೆ. ಬರೆದವರು ಬದುಕಿರುವವರೆಗೆ ಅವರಿಗೆ ಅಥವಾ ಅವರ ಪ್ರತಿನಿಧಿಗೆ ಮಾತ್ರ ನಕಲು ಸಿಗುತ್ತದೆ. ಅವರು ತೀರಿಕೊಂಡ ನಂತರ ಅರ್ಜಿ ಹಾಕಿದ ಯಾರಿಗೇ ಆದರೂ ಕೊಡಬೇಕೆಂದು ನೋಂದಣಿ ಕಾಯಿದೆಯ 57ನೆಯ ಕಲಮು ಹೇಳುತ್ತದೆ. ಮರಣ ಪ್ರಮಾಣಪತ್ರದೊಂದಿಗೆ ಆ ಉಪನೋಂದಣಾಧಿಕಾರಿಗಳ ಕಚೇರಿಗೆ ಹೋಗಿ, ಫೋಟೊದಲ್ಲಿ ನೋಂದಣಿ ಸಂಖ್ಯೆ ಕಾಣುತ್ತಿದ್ದರೆ ಅದನ್ನೂ, ಇಲ್ಲವಾದರೆ ತಂದೆಯ ಹೆಸರು ಮತ್ತು ಅಂದಾಜು ವರ್ಷವನ್ನೂ ಬರೆದು ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಇದಕ್ಕೆ ಚಿಕ್ಕಪ್ಪನ ಅನುಮತಿ ಬೇಕಿಲ್ಲ, ಅವರಿಗೆ ತಿಳಿಸಬೇಕಾಗಿಯೂ ಇಲ್ಲ. ನಕಲು ಬಂದ ಮೇಲೆ ಅದಕ್ಕಿಂತ ಈಚಿನ ಉಯಿಲು ಇದೆಯೇ ಎಂಬುದನ್ನೂ ಅದೇ ಕಚೇರಿಯಲ್ಲಿ ವಿಚಾರಿಸಿ, ಏಕೆಂದರೆ ನಿಲ್ಲುವುದು ಕೊನೆಯ ಉಯಿಲು. ಮೂಲಪ್ರತಿಯನ್ನು ಯಾರಾದರೂ ಬಚ್ಚಿಟ್ಟಿದ್ದರೆ ಅದನ್ನು ತಂದು ಹಾಜರುಪಡಿಸುವಂತೆ ಆದೇಶಿಸುವ ಅಧಿಕಾರ ಭಾರತೀಯ ಉತ್ತರಾಧಿಕಾರ ಕಾಯಿದೆಯ 267ನೆಯ ಕಲಮಿನಂತೆ ಜಿಲ್ಲಾ ನ್ಯಾಯಾಧೀಶರಿಗಿದೆ.

ಉಯಿಲನ್ನು ಪೂರ್ತಿ ಓದುವಾಗ ಎರಡು ವಿಷಯಗಳಿಗೆ ಗಮನ ಕೊಡಿ. ಎಕ್ಸಿಕ್ಯೂಟರ್‌ಗೆ ಆಸ್ತಿ ಮಾರುವ ಅಧಿಕಾರದ ಬಗ್ಗೆ ಏನು ಬರೆದಿದೆ ಎಂಬುದು ಮೊದಲನೆಯದು. ನಿರ್ಬಂಧವೇನೂ ಇಲ್ಲದಿದ್ದರೆ ಆಸ್ತಿಯನ್ನು ವಿಲೇವಾರಿ ಮಾಡುವ ವಿಶಾಲ ಅಧಿಕಾರವನ್ನು 307ನೆಯ ಕಲಮು ಅವರಿಗೆ ಕೊಡುತ್ತದೆ. ‘ಸಾಲ ತೀರಿಸಲು’ ಎಂದು ಹೇಳಿ ನಿಮ್ಮ ಮನೆಯನ್ನೇ ಮಾರುವ ಅಪಾಯವಿದ್ದರೆ ನಿಮ್ಮ ನಡೆಯ ವೇಗವೇ ಬೇರೆಯಾಗಬೇಕು. ಎರಡನೆಯದು, ಉಯಿಲು ಬಿದ್ದುಹೋದರೆ ನಿಮಗೆ ಏನಾಗುತ್ತದೆ ಎಂಬ ಲೆಕ್ಕ. ಉಯಿಲು ಇಲ್ಲವೆಂದಾದರೆ, ನಿಮ್ಮ ತಂದೆಯ ಸ್ವಯಾರ್ಜಿತ ಆಸ್ತಿ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ನಿಮಗೂ ಅಣ್ಣನಿಗೂ ಸಮನಾಗಿ ಹೋಗುತ್ತದೆ. ಎರಡು ಮನೆಗಳ ಬೆಲೆಯಲ್ಲಿ ಎಷ್ಟು ವ್ಯತ್ಯಾಸವಿದೆ ಎಂಬುದರ ಮೇಲೆ, ಉಯಿಲು ಉಳಿದರೆ ಯಾರಿಗೆ ಲಾಭ, ಬಿದ್ದರೆ ಯಾರಿಗೆ ಎಂಬುದು ಗೊತ್ತಾಗುತ್ತದೆ. ನ್ಯಾಯಾಲಯಕ್ಕೆ ಹೋದೊಡನೆ ಎದುರಾಳಿ ‘ಉಯಿಲೇ ಸರಿಯಿಲ್ಲ’ ಎಂದು ತಿರುಗಿಬೀಳುವುದು ಸಾಮಾನ್ಯ. ಹಾಗೆ ತಿರುಗಿದರೆ ನೀವು ಕಳೆದುಕೊಳ್ಳುವುದೇನು, ಉಳಿಸಿಕೊಳ್ಳುವುದೇನು ಎಂಬುದು ಮೊದಲೇ ಗೊತ್ತಿದ್ದರೆ ಆ ಮಾತಿಗೆ ನೀವು ಬೆದರುವುದಿಲ್ಲ. ಎಷ್ಟೇ ಕಡಿಮೆಯೆಂದರೂ ನಿಮ್ಮ ಪಾಲು ಶೂನ್ಯವಾಗುವ ಸನ್ನಿವೇಶ ನಿಮ್ಮ ಪತ್ರದಲ್ಲಿ ನನಗೆ ಕಾಣುತ್ತಿಲ್ಲ.

ಠೇವಣಿಯ ವಿಷಯ ಸರಳ. ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಪಡೆದುಕೊಳ್ಳುವ ಅಧಿಕಾರವಿರುವವರು, ವಾರಸುದಾರರಲ್ಲ. ಬ್ಯಾಂಕ್ ಖಾತೆಗಳ ಬಗ್ಗೆ ಸುಪ್ರೀಂ ಕೋರ್ಟ್ 2010ರಲ್ಲಿ ಇದನ್ನು ಹೇಳಿದೆ, ಷೇರುಗಳ ಬಗ್ಗೆ 2023ರ ಡಿಸೆಂಬರ್‌ನಲ್ಲಿ ಇದೇ ನಿಲುವನ್ನು ತೆಗೆದುಕೊಂಡಿದೆ. ಬ್ಯಾಂಕ್ ಅಣ್ಣನಿಗೆ ಹಣ ಕೊಟ್ಟದ್ದು ತಪ್ಪಲ್ಲ, ಅಣ್ಣ ಅದರ ಅರ್ಧವನ್ನು ತನ್ನದೆಂದು ಇಟ್ಟುಕೊಂಡದ್ದೂ ತಪ್ಪಲ್ಲ, ನಿಮ್ಮ ಅರ್ಧವನ್ನು ಇಟ್ಟುಕೊಂಡದ್ದು ತಪ್ಪು. ಅದನ್ನು ವಸೂಲು ಮಾಡುವುದು ಎಕ್ಸಿಕ್ಯೂಟರ್‌ನ ಕೆಲಸ. ಬರಬೇಕಾದದ್ದನ್ನು ಸಂಗ್ರಹಿಸದೆ ನಷ್ಟ ಮಾಡಿದರೆ ಅದನ್ನು ತುಂಬಿಕೊಡುವ ಹೊಣೆ ಭಾರತೀಯ ಉತ್ತರಾಧಿಕಾರ ಕಾಯಿದೆಯ 369ನೆಯ ಕಲಮಿನಂತೆ ಅವರ ಮೇಲೆ ಬೀಳುತ್ತದೆ. ‘ಅದು ನೀನೂ ನಿನ್ನ ಅಣ್ಣನೂ ಬಗೆಹರಿಸಿಕೊಳ್ಳಿ’ ಎಂದು ಚಿಕ್ಕಪ್ಪ ಕೈತೊಳೆದುಕೊಳ್ಳುವಂತಿಲ್ಲ.

ಇನ್ನು ಲೆಕ್ಕ ಕೇಳುವ ಪತ್ರ. ಇದನ್ನು ಮೊದಲು ನಿಮ್ಮ ಹೆಸರಿನಲ್ಲೇ, ಆರೋಪದ ಒಂದು ಮಾತೂ ಇಲ್ಲದೆ ಬರೆಯಿರಿ. ವಕೀಲರ ನೋಟಿಸ್ ಎರಡನೆಯ ಹೆಜ್ಜೆ. ನಾನು ಸಾಮಾನ್ಯವಾಗಿ ಸೂಚಿಸುವ ಒಕ್ಕಣೆ ಹೀಗಿರುತ್ತದೆ: ‘ತಂದೆಯವರ ಉಯಿಲಿನ ಎಕ್ಸಿಕ್ಯೂಟರ್ ಆಗಿ ತಾವು ವಹಿಸಿಕೊಂಡಿರುವ ಆಸ್ತಿಗಳ ಪಟ್ಟಿ, ಮರಣದ ದಿನದಂದು ಇದ್ದ ಸಾಲಗಳ ವಿವರ ಮತ್ತು ದಾಖಲೆಗಳು, ಅಂದಿನಿಂದ ಇಂದಿನವರೆಗೆ ವಸೂಲಾದ ಬಾಡಿಗೆ ಮತ್ತು ಅದರಿಂದ ಮಾಡಿದ ಖರ್ಚಿನ ವಿವರ, ಬ್ಯಾಂಕ್ ಠೇವಣಿಗಳ ಸ್ಥಿತಿ, ಇವನ್ನು ಈ ಪತ್ರ ತಲುಪಿದ 30 ದಿನಗಳೊಳಗೆ ಕೊಡಬೇಕೆಂದು ಕೋರುತ್ತೇನೆ. ನನಗೆ ಬರೆದಿರುವ ಮನೆಯ ವಿಷಯದಲ್ಲಿ ತಮ್ಮ ಸಮ್ಮತಿಯನ್ನು ಬರವಣಿಗೆಯಲ್ಲಿ ಕೊಡಲು ಅಡ್ಡಿಯಿದ್ದರೆ ಆ ಅಡ್ಡಿ ಏನೆಂದು ತಿಳಿಸಬೇಕೆಂದೂ ಕೋರುತ್ತೇನೆ.’ ಸ್ವೀಕೃತಿ ಸಿಗುವಂತೆ ಅಂಚೆಯಲ್ಲಿ ಕಳಿಸಿ, ಒಂದು ಪ್ರತಿಯನ್ನು ಅಣ್ಣನಿಗೂ ಕಳಿಸಿ. ಎಕ್ಸಿಕ್ಯೂಟರ್ ಪಾಲು ತಡೆಹಿಡಿದಿರುವ ಹಲವು ಪ್ರಕರಣಗಳಲ್ಲಿ ಹಿಂದೆ ನಿಂತು ಒತ್ತಡ ಹಾಕುತ್ತಿರುವವರು ಇನ್ನೊಬ್ಬ ಫಲಾನುಭವಿ. ಇಬ್ಬರ ನಡುವೆ ಸಿಕ್ಕಿಕೊಂಡ ಹಿರಿಯರು ಯಾರನ್ನೂ ಎದುರು ಹಾಕಿಕೊಳ್ಳಲಾರದೆ ಏನನ್ನೂ ಮಾಡದೆ ಉಳಿದುಬಿಡುತ್ತಾರೆ. ಲಿಖಿತ ಬೇಡಿಕೆ ಬಂದಾಗ ಅಂಥವರಿಗೆ ಹಂಚಿಕೆ ಮಾಡಲು ಒಂದು ನೆಪವಾದರೂ ಸಿಕ್ಕಂತಾಗುತ್ತದೆ. ನಿಮ್ಮ ಚಿಕ್ಕಪ್ಪ ಈ ಬಗೆಯವರೋ, ಬಾಡಿಗೆಯ ರುಚಿ ಹತ್ತಿದವರೋ ಎಂಬುದನ್ನು ನಾನು ಇಲ್ಲಿಂದ ಹೇಳಲಾರೆ. ಮನೆಯನ್ನು ಬಿಟ್ಟುಕೊಡಲು ‘ಲೆಕ್ಕ ಸರಿಯಾಗಿದೆ’ ಎಂಬ ಸಹಿಯನ್ನು ಷರತ್ತಾಗಿಟ್ಟಿರುವುದು ಮಾತ್ರ ಒಳ್ಳೆಯ ಲಕ್ಷಣವಲ್ಲ.

ಪತ್ರಕ್ಕೂ ವಕೀಲರ ನೋಟಿಸಿಗೂ ಸರಿಯಾದ ಉತ್ತರ ಬಾರದಿದ್ದರೆ ದಾವೆ ಹೂಡುವುದೇ ದಾರಿ. ನಿಮ್ಮ ಸ್ಥಿತಿಗೆ ಹೆಚ್ಚು ಹೊಂದುವುದು ಎಸ್ಟೇಟ್ ಆಡಳಿತದ ದಾವೆ. ಇದರಲ್ಲಿ ನ್ಯಾಯಾಲಯ ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೆಯ ಆದೇಶದ 13ನೆಯ ನಿಯಮದಂತೆ ಮೊದಲು ಪ್ರಾಥಮಿಕ ಡಿಕ್ರಿ (ತೀರ್ಪಿನ ಆದೇಶ) ಮಾಡಿ, ಆಸ್ತಿ, ಸಾಲ, ವಸೂಲಿಗಳ ಲೆಕ್ಕವನ್ನು ತನ್ನ ಉಸ್ತುವಾರಿಯಲ್ಲಿ ತೆಗೆಸುತ್ತದೆ, ಅದರ ಮೇಲೆ ಹಂಚಿಕೆಯ ಅಂತಿಮ ಡಿಕ್ರಿ ಕೊಡುತ್ತದೆ. ಪ್ರೊಬೇಟ್ ಇಲ್ಲದ್ದರಿಂದ ತಪ್ಪಿಹೋದ ಲೆಕ್ಕದ ಶಿಸ್ತು ಈ ದಾವೆಯಿಂದ ಮರಳಿ ಸಿಗುತ್ತದೆ. ಅಣ್ಣನನ್ನೂ ಪ್ರತಿವಾದಿಯಾಗಿ ಸೇರಿಸಿ ಠೇವಣಿಯ ಪಾಲನ್ನೂ ಇದರಲ್ಲೇ ಕೇಳಬಹುದು. ದಾವೆಯ ಜೊತೆಗೇ ಮನೆಯನ್ನು ಮಾರದಂತೆ, ಅಡವಿಡದಂತೆ ತಡೆಯಾಜ್ಞೆ ಕೇಳಿ, ಇನ್ನು ಮುಂದಿನ ಬಾಡಿಗೆಯನ್ನು ನ್ಯಾಯಾಲಯದಲ್ಲಿ ಠೇವಣಿ ಇಡಿಸುವಂತೆಯೂ ಕೋರಿ. ದಾವೆ ನಡೆಯುವಾಗ ಯಾರಾದರೂ ಆ ಮನೆಯನ್ನು ಕೊಂಡರೆ ಅವರೂ ತೀರ್ಪಿಗೆ ಬದ್ಧರು. ದಾವೆಗೆ ಮೊದಲೇ ಕೊಂಡವರ ವಿಷಯ ಅಷ್ಟು ಸುಲಭವಲ್ಲ, ಆದ್ದರಿಂದ ಮಾರಾಟದ ಸುಳಿವು ಸಿಕ್ಕರೆ ಪತ್ರ, ನೋಟಿಸ್‌ಗಳ ಗಡುವನ್ನೆಲ್ಲ ಬಿಟ್ಟು ನೇರವಾಗಿ ನ್ಯಾಯಾಲಯಕ್ಕೆ ಹೋಗಿ. ಪ್ರತಿ ತಿಂಗಳು ಆ ಮನೆಯ ಋಣಭಾರ ಪ್ರಮಾಣಪತ್ರವನ್ನು ತೆಗೆಸಿ ನೋಡುವುದು ಸಣ್ಣ ಖರ್ಚಿನ ಕಾವಲು.

ಈ ದಾರಿಯ ಕಷ್ಟವನ್ನೂ ಮುಚ್ಚಿಡಬಾರದು. ಇಂಥ ದಾವೆಗಳು ವರ್ಷಗಟ್ಟಲೆ ಎಳೆಯುತ್ತವೆ, ಅಂತಿಮ ಡಿಕ್ರಿಯ ನಂತರ ಮೇಲ್ಮನವಿಯೂ ಇರುತ್ತದೆ. ಎರಡೂ ಕಡೆಯ ಖರ್ಚು ಕೆಲವು ಸಲ ಎಸ್ಟೇಟ್‌ನಿಂದಲೇ ಹೋಗುವಂತೆ ಆದೇಶವಾಗುತ್ತದೆ, ಎಂದರೆ ಅದರ ಒಂದು ಪಾಲು ನಿಮ್ಮ ಜೇಬಿನಿಂದಲೇ. ಆದರೂ ತಡೆಯಾಜ್ಞೆ ಸಿಕ್ಕು ಬಾಡಿಗೆ ನ್ಯಾಯಾಲಯಕ್ಕೆ ಸೇರತೊಡಗಿದ ದಿನದಿಂದ ಎದುರಿನವರಿಗೆ ವಿಳಂಬದಿಂದ ಬರುವ ಲಾಭ ನಿಂತುಹೋಗುತ್ತದೆ, ರಾಜಿಯ ಮಾತು ಹೆಚ್ಚಾಗಿ ಆಗಲೇ ಹುಟ್ಟುತ್ತದೆ. ಖರ್ಚಿಗೆ ಹೆದರಿ ಹಿಂದೆ ಸರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೆಯ ಕಲಮಿನಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿನ ಹಕ್ಕಿದೆ. ತಾಲ್ಲೂಕು ಸಮಿತಿ ಅಥವಾ ಜಿಲ್ಲಾ ಪ್ರಾಧಿಕಾರದ ಕಚೇರಿಯಲ್ಲಿ ಅರ್ಜಿ ಕೊಡಬಹುದು.

ಎಕ್ಸಿಕ್ಯೂಟರ್ ಅನ್ನೇ ತೆಗೆದುಹಾಕಬಹುದೇ ಎಂದು ಹಲವರು ಕೇಳುತ್ತಾರೆ. ತೆಗೆಯಬಹುದು, ಭಾರತೀಯ ಉತ್ತರಾಧಿಕಾರ ಕಾಯಿದೆಯ 301ನೆಯ ಕಲಮಿನಂತೆ ಆ ಅಧಿಕಾರ ಹೈಕೋರ್ಟ್‌ಗಿದೆ. ಆದರೆ ತಂದೆ ತಾವೇ ಆರಿಸಿದ ವ್ಯಕ್ತಿಯನ್ನು ನ್ಯಾಯಾಲಯ ಸುಲಭವಾಗಿ ಬದಲಿಸುವುದಿಲ್ಲ. ಬರಿಯ ಮನಸ್ತಾಪ ಸಾಲದು, ಅವರ ಕೈಯಲ್ಲಿ ಆಸ್ತಿ ಸುರಕ್ಷಿತವಲ್ಲ ಎಂಬುದನ್ನು ತೋರಿಸಬೇಕು. ಬಾಡಿಗೆಯ ಲೆಕ್ಕವನ್ನೇ ಕೊಡದಿರುವುದು, ಎಸ್ಟೇಟ್‌ನ ಹಣವನ್ನು ಸ್ವಂತ ಖಾತೆಯಲ್ಲಿ ಬೆರೆಸಿರುವುದು ಅಂಥ ಕಾರಣಗಳಾಗಬಹುದು. ಚಿಕ್ಕಪ್ಪ ಎಕ್ಸಿಕ್ಯೂಟರ್ ಆಗಿ ಏನನ್ನೂ ಮಾಡದೆ ದೂರ ಕುಳಿತಿದ್ದರೆ, ಒಪ್ಪಿಕೊಳ್ಳಿ ಇಲ್ಲವೇ ಬಿಟ್ಟುಕೊಡಿ ಎಂದು ನ್ಯಾಯಾಲಯದ ಮೂಲಕ ಕರೆ ಕಳಿಸಿ, ಅವರು ಒಪ್ಪದಿದ್ದಲ್ಲಿ ಉಯಿಲನ್ನು ಲಗತ್ತಿಸಿದ ಆಡಳಿತ ಪತ್ರವನ್ನು (ಆಸ್ತಿ ನಿರ್ವಹಿಸಲು ನ್ಯಾಯಾಲಯ ಕೊಡುವ ಅಧಿಕಾರ ಪತ್ರ) ಬೇರೆಯವರು ಪಡೆಯುವ ದಾರಿಯೂ ಇತ್ತು. ಅವರು ಬಾಡಿಗೆ ವಸೂಲು ಮಾಡುತ್ತಿದ್ದಾರೆ. ಅಂದಮೇಲೆ ಹೊಣೆಯನ್ನು ಹೊತ್ತಾಗಿದೆ, ‘ನಾನೇನೂ ಎಕ್ಸಿಕ್ಯೂಟರ್ ಆಗಿ ಒಪ್ಪಿಲ್ಲ’ ಎಂದು ಅವರು ಇನ್ನು ಹೇಳಲಾರರು.

ಪೊಲೀಸ್ ದೂರಿನ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಈಗ ಬೇಡ. ನಂಬಿ ಒಪ್ಪಿಸಿದ ಆಸ್ತಿಯನ್ನು ಅಪ್ರಾಮಾಣಿಕವಾಗಿ ಸ್ವಂತಕ್ಕೆ ಬಳಸಿಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 316ನೆಯ ಕಲಮಿನಡಿ ಅಪರಾಧವೇ ಸರಿ, 2024ರ ಜುಲೈ 1ಕ್ಕೆ ಮೊದಲಿನ ಕೃತ್ಯಗಳಾದರೆ ಹಳೆಯ ದಂಡ ಸಂಹಿತೆಯಡಿ. ಆದರೆ ಅಪ್ರಾಮಾಣಿಕ ಉದ್ದೇಶವನ್ನು ತೋರಿಸಲು ನಿಮ್ಮ ಬಳಿ ಇಂದು ಲೆಕ್ಕವೇ ಇಲ್ಲ. ಸಿವಿಲ್ ವ್ಯಾಜ್ಯಕ್ಕೆ ಕ್ರಿಮಿನಲ್ ಬಣ್ಣ ಕೊಡಬಾರದೆಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಎಚ್ಚರಿಸಿದೆ, ಮತ್ತು ರದ್ದಾದ ದೂರು ನಿಮ್ಮ ಸಿವಿಲ್ ದಾವೆಯಲ್ಲಿ ನಿಮ್ಮ ವಿರುದ್ಧವೇ ಬಳಕೆಯಾಗುತ್ತದೆ. ನಿಮ್ಮ ಸಹಿಯ ನಕಲು, ತಿದ್ದಿದ ಉಯಿಲು, ತಂದೆ ತೀರಿಕೊಂಡ ಮೇಲೆ ಅವರ ಹೆಸರಿನ ಚೆಕ್ಕಿನಿಂದ ತೆಗೆದ ಹಣ, ಇಂಥದ್ದೇನಾದರೂ ದಾಖಲೆಸಹಿತ ಸಿಕ್ಕರೆ ಆಗ ದೂರು ಕೊಡಲು ಹಿಂಜರಿಯಬೇಡಿ.

ಬಾಡಿಗೆದಾರರ ಬಳಿ ಹೋಗಿ ‘ಇನ್ನು ಮುಂದೆ ಬಾಡಿಗೆ ನನಗೇ ಕೊಡಿ’ ಎಂದು ಒತ್ತಾಯಿಸುವುದು, ಬೀಗ ಒಡೆಯುವುದು, ಉಯಿಲಿನ ನಕಲು ತೋರಿಸಿ ತರಾತುರಿಯಲ್ಲಿ ಖಾತೆ ಬದಲಿಸಿಕೊಳ್ಳುವುದು, ಇವನ್ನೂ ಮಾಡಬೇಡಿ. ಖಾತೆ ಬದಲಾವಣೆ ತೆರಿಗೆಗಾಗಿ ಇರುವ ದಾಖಲೆ, ಅದರಿಂದ ಒಡೆತನ ಹುಟ್ಟುವುದಿಲ್ಲ. ಖಾತೆ ಚಿಕ್ಕಪ್ಪನ ಹೆಸರಿಗೆ ಆಗಿದೆ ಎಂದು ಗೊತ್ತಾದರೂ ಅದೇ ಕಾರಣಕ್ಕೆ ಎದೆಗುಂದಬೇಕಿಲ್ಲ. ಬಾಡಿಗೆದಾರರಿಂದ ಬೇಕಾದದ್ದು ಮಾಹಿತಿ: ಯಾವ ತಿಂಗಳು ಎಷ್ಟು ಬಾಡಿಗೆ, ಯಾರ ಖಾತೆಗೆ, ಮುಂಗಡ ಯಾರ ಬಳಿ ಇದೆ ಎಂಬುದನ್ನು ಅವರು ಸೌಜನ್ಯದಿಂದ ಹೇಳಿದರೆ ಬರೆದಿಟ್ಟುಕೊಳ್ಳಿ.

ಮಾತುಕತೆಗೆ ಬಾಗಿಲು ಯಾವ ಹಂತದಲ್ಲೂ ಮುಚ್ಚುವುದಿಲ್ಲ. ಪತ್ರದ ಹಂತದಲ್ಲೇ ಎಲ್ಲರೂ ಒಪ್ಪಿದರೆ ಚಿಕ್ಕಪ್ಪನ ಸಮ್ಮತಿ ಪತ್ರ, ಲೆಕ್ಕದ ಪಟ್ಟಿ, ಅಣ್ಣನಿಂದ ಬರಬೇಕಾದ ಠೇವಣಿ ಹಣದ ಪಾವತಿ, ಈ ಮೂರೂ ಒಂದೇ ದಿನ ಆಗುವಂತೆ ನೋಡಿಕೊಳ್ಳಿ, ನೀವು ಕೊಡುವ ರಸೀದಿಯಲ್ಲಿ ನೀವು ನಿಜವಾಗಿ ಪಡೆದದ್ದನ್ನು ಮಾತ್ರ ಬರೆಯಿರಿ. ದಾವೆಯ ನಡುವೆ ರಾಜಿಯಾದರೆ ಮಧ್ಯಸ್ಥಿಕೆ ಕೇಂದ್ರದಲ್ಲಿ ಅಥವಾ ಲೋಕ ಅದಾಲತ್‌ನಲ್ಲಿ ಅದನ್ನು ಡಿಕ್ರಿಯಾಗಿಸಿಕೊಳ್ಳಬಹುದು. ಅದಾಲತ್ತಿನ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲದಿರುವುದರಿಂದ ವಿಷಯ ಅಲ್ಲಿ ಮುಗಿಯುತ್ತದೆ. ಆಗ ಒಂದು ತಾಂತ್ರಿಕ ಅಂಶವನ್ನು ನಿಮ್ಮ ವಕೀಲರಿಗೆ ನೆನಪಿಸಿ: ರಾಜಿಯಲ್ಲಿ ಬರುವ ಪ್ರತಿಯೊಂದು ಸ್ಥಿರಾಸ್ತಿಯೂ ದಾವೆಯ ಷೆಡ್ಯೂಲಿನಲ್ಲಿ ಇರಬೇಕು. ದಾವೆಯ ವಿಷಯವಾಗಿರದ ಆಸ್ತಿಯನ್ನು ರಾಜಿಯೊಳಗೆ ಸೇರಿಸಿದರೆ ಆ ಡಿಕ್ರಿಗೆ ನೋಂದಣಿ ಬೇಕಾಗುತ್ತದೆ, ಅದನ್ನು ಮರೆತು ವರ್ಷಗಳ ನಂತರ ಮನೆ ಮಾರಲು ಹೊರಟಾಗ ಕೊಳ್ಳುವವರ ವಕೀಲರು ಅಲ್ಲಿಯೇ ತಡೆಯುತ್ತಾರೆ.